ಹಳೆ ಅಡಿಕೆ ತೋಟದ ಮಣ್ಣಲ್ಲಿ ತಾಮ್ರ 42 ಪಿಪಿಎಂ ಬಂದಿದೆ, ಹೊಸ ಸಸಿ ನೆಡಬಹುದಾ?

ಪೆರ್ಲದಬೈಲು

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ತೋಟ. ಅಜ್ಜ ನೆಟ್ಟ ಅಡಿಕೆ ಮರಗಳು, ಅರ್ಧ ಎಕರೆಯಷ್ಟು ಜಾಗದಲ್ಲಿ ತೀರಾ ಹಳತಾಗಿ ಗಾಳಿಗೆ ಒಂದೊಂದೇ ಬೀಳಲು ಶುರುವಾಗಿದ್ದವು. ಕಳೆದ ವರ್ಷ ಎಲ್ಲ ಕಡಿದು ಜಾಗ ಖಾಲಿ ಮಾಡಿದೆವು. ಹೊಸ ಸಸಿ ನೆಡುವವರೆಗೆ ಸುಮ್ನೆ ಬಿಡುವುದು ಯಾಕೆ ಅಂತ ಮಳೆ ಹೋದ ಮೇಲೆ ಅಲಸಂಡೆ ಬಿತ್ತಿದೆ.

ಬೀಜ ಚೆನ್ನಾಗಿಯೇ ಹುಟ್ಟಿತು. ಮೂರನೇ ವಾರಕ್ಕೆ ಎಳೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಒಂದು ಗಿಡ ಕಿತ್ತು ನೋಡಿದರೆ ಬೇರು ಉದ್ದಕ್ಕೆ ಇಳಿದೇ ಇಲ್ಲ, ಗಿಡ್ಡವಾಗಿ, ದಪ್ಪಗೆ, ತುದಿ ಕಂದು ಬಣ್ಣ. ಅಲಸಂಡೆ ಬೇರಿನಲ್ಲಿ ಇರಬೇಕಾದ, ಗಾಳಿಯ ಸಾರಜನಕ ಹಿಡಿಯುವ ಗಂಟುಗಳು ಎರಡೋ ಮೂರೋ ಮಾತ್ರ. ಅದೇ ಬೀಜ ಮನೆ ಹಿಂದಿನ ತರಕಾರಿ ಜಾಗದಲ್ಲಿ ಬಿತ್ತಿದ್ದು ಚಪ್ಪರಕ್ಕೆ ಹತ್ತಿ ಕಾಯಿ ಬಿಡುತ್ತಿದೆ.

ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ (ಹುಳಿ ತೋರಿಸುವ ಅಂಕೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ) 4.9, ಸಾವಯವ ಇಂಗಾಲ 1.6, ತಾಮ್ರ 42 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 42 ಪಾಲು. ತಾಮ್ರದ ಎದುರು "ಸಾಕಷ್ಟು" ಅಂತ ಬರೆದಿದ್ದಾರೆ, ಬೇರೆ ವಿವರ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ತೋರಿಸಿದೆ. ಎಲೆ ಹಳದಿ ಅಂದ ಕೂಡಲೇ ಲಘು ಪೋಷಕಾಂಶದ ಪ್ಯಾಕೆಟ್ ಕೊಟ್ಟರು. ಮನೆಗೆ ಬಂದು ಓದಿದರೆ ಅದರಲ್ಲೂ ತಾಮ್ರ ಇದೆ!

ನನಗೆ ಅರ್ಥ ಆಗದ್ದು ಏನೆಂದರೆ, ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬರುತ್ತದೆ. ಅಜ್ಜನ ಕಾಲದಿಂದ ಕೊಳೆರೋಗಕ್ಕೆ ಬಿಟ್ಟ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣದ ಮದ್ದು ಇಷ್ಟು ಮಳೆಗೆ ತೊಳೆದು ಹೋಗಿರಬೇಕಲ್ವಾ? ಈ 42 ಅಂದರೆ ಜಾಸ್ತಿಯಾ, ಕಮ್ಮಿಯಾ? ಈ ಜಾಗದಲ್ಲಿ ಅಡಿಕೆ ಸಸಿ ಬರುತ್ತದಾ? ತಿಳಿದವರು ದಯವಿಟ್ಟು ಹೇಳಿ.

---

ಮಣ್ಣಿನಜೊತೆ

ಮೊದಲು ಆ ಪ್ಯಾಕೆಟನ್ನು ಅಂಗಡಿಗೆ ವಾಪಸ್ ಕೊಡಿ. ನಿಮ್ಮ ಮಣ್ಣಿಗೆ ಇನ್ನು ಒಂದು ಗ್ರಾಂ ತಾಮ್ರವೂ ಬೇಡ.

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ 11 ವರ್ಷ ಕೆಲಸ ಮಾಡಿದವನು. ಕಾರ್ಡಿನಲ್ಲಿ "ಸಾಕಷ್ಟು" ಅಂದರೆ ಕೊರತೆ ಇಲ್ಲ ಅಂತ ಅಷ್ಟೇ ಅರ್ಥ. ನಮ್ಮಂಥ ಹುಳಿ ಮಣ್ಣಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಕಿ, ಅದರಲ್ಲಿ ಬಿಟ್ಟುಕೊಂಡ ತಾಮ್ರವನ್ನು ಅಳೆಯುತ್ತಾರೆ. 1 ಪಿಪಿಎಂ ದಾಟಿದರೆ ಸಾಕಷ್ಟು. ನಿಮ್ಮದು 42. ಕಾರ್ಡಿನ ಲೆಕ್ಕದಲ್ಲಿ ಎರಡು ಪಿಪಿಎಂ ಇದ್ದವನೂ ನೀವೂ ಒಂದೇ. ಅತಿಯಾಯಿತು ಅಂತ ಹೇಳುವ ಜಾಗವೇ ಅದರಲ್ಲಿ ಇಲ್ಲ.

ಮಳೆಯ ವಿಷಯಕ್ಕೆ ಬರುತ್ತೇನೆ. ಪೊಟ್ಯಾಷ್, ನೈಟ್ರೇಟ್ ಆಗಿದ್ದರೆ ನಿಮ್ಮ ಮಾತು ಸರಿ, ಆಷಾಢ ಮುಗಿಯುವಷ್ಟರಲ್ಲಿ ತೋಡಿಗೆ ಸೇರುತ್ತಿತ್ತು. ತಾಮ್ರ ಹಾಗಲ್ಲ. ಗೊಬ್ಬರ, ಸೊಪ್ಪು, ತರಗೆಲೆ ಕೊಳೆತು ಆಗುವ ಕಪ್ಪು ಅಂಶ, ಹ್ಯೂಮಸ್ ಅನ್ನುತ್ತೇವಲ್ಲ, ಅದು ತಾಮ್ರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸತು, ಮ್ಯಾಂಗನೀಸ್‌ಗಿಂತ ಬಲವಾಗಿ ಹಿಡಿಯುತ್ತದೆ. ಮುರಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡ್ ಕೂಡ ಅದನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಹಾಗಾಗಿ ಬಿದ್ದ ತಾಮ್ರದ ಬಹುಪಾಲು ಮೇಲಿನ ಅರ್ಧ ಅಡಿಯಲ್ಲೇ ಕೂರುತ್ತದೆ. ಮಣ್ಣೇ ಕೊಚ್ಚಿಕೊಂಡು ಹೋದರೆ ಮಾತ್ರ ಅದರ ಜೊತೆ ಹೋಗುತ್ತದೆ.

ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಬಾಟ್ಲಿಯ ಅಡಿ ತೂತು ಮಾಡಿ ತೋಟದ ಮಣ್ಣು ತುಂಬಿಸಿ. ಒಂದು ಗ್ಲಾಸು ನೀರಿಗೆ ಒಂದು ಚಿಟಿಕೆ ಮೈಲುತುತ್ತು ಹಾಕಿದರೆ ತಿಳಿ ನೀಲಿ ಆಗುತ್ತದೆ, ಅದನ್ನು ನಿಧಾನ ಹೊಯ್ಯಿರಿ. ಕೆಳಗೆ ತೊಟ್ಟಿಕ್ಕುವ ನೀರಿನಲ್ಲಿ ನೀಲಿ ಇರುವುದಿಲ್ಲ. ಅದೇ ಕೆಲಸ ನಿಮ್ಮ ತೋಟದಲ್ಲಿ ಪ್ರತಿ ಮಳೆಗಾಲ ಆಗಿದೆ.

ಈಗ ಲೆಕ್ಕ. ಎಕರೆಗೆ 550 ಮರ ಅಂತ ಇಟ್ಟುಕೊಳ್ಳೋಣ. ಒಂದು ಸಲಕ್ಕೆ 200 ಲೀಟರಿನ ಮೂರು ಡ್ರಮ್ ಮದ್ದು, ನೂರು ಲೀಟರಿಗೆ ಒಂದು ಕಿಲೋ ಅಂದರೆ 6 ಕಿಲೋ ಮೈಲುತುತ್ತು. ಅದರ ಕಾಲು ಭಾಗ ತಾಮ್ರ, ಒಂದೂವರೆ ಕಿಲೋ. ವರ್ಷಕ್ಕೆ ಎರಡು ಸಲ ಬಿಟ್ಟರೆ 3 ಕಿಲೋ. 45 ವರ್ಷಕ್ಕೆ 135 ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಭಾಗಿಸಿ ನೋಡಿ, 150 ಪಿಪಿಎಂ. ಮದ್ದು ಬೀಳದ ಮಣ್ಣಿನಲ್ಲಿ ಒಟ್ಟು ತಾಮ್ರ ಸಾಮಾನ್ಯವಾಗಿ 20-30ರ ಆಸುಪಾಸು. ಈ 150ರಲ್ಲಿ ಲ್ಯಾಬಿನ ಆಮ್ಲಕ್ಕೆ ಒಂದು ಪಾಲು ಸಿಗುತ್ತದೆ. ಆದ್ದರಿಂದ ನಿಮ್ಮ 42 ನನಗೆ ಆಶ್ಚರ್ಯ ಅಲ್ಲ.

ಆದರೆ 42 ಎಂಬ ಅಂಕೆ ಒಂದನ್ನೇ ಹಿಡಿದು ಹೆದರಬೇಡಿ. ಲ್ಯಾಬಿನ ಆಮ್ಲಕ್ಕೆ ಸಿಕ್ಕಿದ್ದೆಲ್ಲ ಬೇರಿಗೆ ಸಿಗುವುದಿಲ್ಲ. ಬೇರಿಗೆ ಪೆಟ್ಟು ಕೊಡುವುದು ಮಣ್ಣಿನ ನೀರಿನಲ್ಲಿ ಬಿಡಿಯಾಗಿ ಇರುವ ತಾಮ್ರ, ಅದು ತೀರಾ ಸ್ವಲ್ಪ. ಆ ಸ್ವಲ್ಪ ಎಷ್ಟು ಅನ್ನುವುದನ್ನು ಪಿಎಚ್ ನಿರ್ಧರಿಸುತ್ತದೆ. ಪಿಎಚ್ ಒಂದು ಅಂಕೆ ಏರಿದರೆ ಪುಸ್ತಕದ ಲೆಕ್ಕದಲ್ಲಿ ಬಿಡಿ ತಾಮ್ರ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ತೋಟದಲ್ಲಿ ಅಷ್ಟು ನೇರವಾಗಿ ಆಗುವುದಿಲ್ಲ, ಯಾಕೆಂದರೆ ನೀರಿನಲ್ಲಿ ಕರಗುವ ಸಾವಯವ ಅಂಶ ಸ್ವಲ್ಪ ತಾಮ್ರವನ್ನು ಹಿಡಿದುಕೊಂಡು ನೀರಿನಲ್ಲೇ ಇಟ್ಟಿರುತ್ತದೆ. ಆದರೂ 4.9ಕ್ಕೂ 6ಕ್ಕೂ ಬೇರಿನ ಮಟ್ಟಿಗೆ ಅಜಗಜಾಂತರ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಬೇರು ಗಿಡ್ಡ ಆಗಿದೆ ಅಂತ ಎಲ್ಲ ತಪ್ಪನ್ನೂ ತಾಮ್ರದ ಮೇಲೆ ಹಾಕಬೇಡಿ. ಪಿಎಚ್ 5.5ಕ್ಕಿಂತ ಕೆಳಗೆ ಮುರಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬರುತ್ತದೆ. ಅದೂ ಬೇರಿನ ತುದಿಯನ್ನು ಹೀಗೇ ಮೊಂಡು ಮಾಡುತ್ತದೆ. ಎರಡೂ ಒಟ್ಟಿಗೆ ಇರಬಹುದು. ಗೊತ್ತಾಗಬೇಕಾದರೆ ಮೂರು ಚಟ್ಟಿ ಇಡಿ. ಒಂದರಲ್ಲಿ ಹಳೆ ತೋಟದ ಮಣ್ಣು ಹಾಗೇ. ಎರಡನೆಯದರಲ್ಲಿ ಅದೇ ಮಣ್ಣು 3 ಕಿಲೋಗೆ ಒಂದು ಚಮಚ ಅರಳಿಸಿದ ಸುಣ್ಣ, ಎರಡು ಹಿಡಿ ಹುಡಿಯಾದ ಹಟ್ಟಿಗೊಬ್ಬರ. ಮೂರನೆಯದರಲ್ಲಿ ಮದ್ದು ಬೀಳದ ಗುಡ್ಡೆಯ ಮಣ್ಣು ಹಾಗೇ, ಅದರ ಪಿಎಚ್ ಸಹ ಐದರ ಹತ್ತಿರ ಇರುವಂಥದ್ದು ನೋಡಿ ತನ್ನಿ. ಹತ್ತು ದಿನ ತೇವ ಇಟ್ಟು ಅಲಸಂಡೆ ಹಾಕಿ. ಮೂರು ವಾರಕ್ಕೆ ನೀರಲ್ಲಿ ತೊಳೆದು ಬೇರು ನೋಡಿ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಗಿಡ ಜಾಸ್ತಿ ತಾಮ್ರವನ್ನು ಬೇರಿನಲ್ಲೇ ತಡೆದಿಡುತ್ತದೆ, ಮೇಲಕ್ಕೆ ಕಳಿಸುವುದು ಕಮ್ಮಿ. ಎಲೆ ಹಳದಿ ಆಗುವುದು ಹೆಚ್ಚಾಗಿ ಕಬ್ಬಿಣ ಸಿಗದೆ. ಕಬ್ಬಿಣವನ್ನು ತೆಗೆದುಕೊಳ್ಳುವ ಬೇರೇ ಸೋತಿರುತ್ತದಲ್ಲ.

---

ಮುಳ್ಳೇರಿಯದವ

ಮೇಲಿನವರು ಹೇಳಿದ್ದು ಸರಿ. ನನ್ನ ಅನುಭವ ಸ್ವಲ್ಪ ಸೇರಿಸುತ್ತೇನೆ.

ಯಾರೂ ಇದನ್ನು ಓದಿ ಮದ್ದು ಬಿಡುವುದನ್ನೇ ನಿಲ್ಲಿಸಬೇಡಿ ಮಾರಾಯ್ರೆ. ಒಂದು ವರ್ಷ ಮಳೆ ಬಿಡದೆ ಮೊದಲ ಮದ್ದು ತಡವಾಗಿ, ನಮ್ಮ ತೋಟದಲ್ಲಿ ಎಳೆ ಅಡಿಕೆ ಬುಡದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಉದುರಿತ್ತು. ಆ ನಾತ ಈಗಲೂ ಮೂಗಿನಲ್ಲಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಇದೇ ಮದ್ದು, ಬಿಡಬಹುದು ಅಂತ ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ತೋರಿಸಿಕೊಟ್ಟವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಅದಕ್ಕೂ ಮೊದಲು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮೈಲುತುತ್ತು ಬಂದು ಎಷ್ಟೋ ಮನೆ ಉಳಿದಿವೆ. ಅದು ಮರೆಯಬಾರದು.

ನಾನು ಹೇಳುವುದು ಬಿಡುವ ರೀತಿಯ ಬಗ್ಗೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳತಾಗಿ ಗಾಳಿ ತಾಗಿದ್ದರೆ ಅದರ ಶಕ್ತಿ ಹೋಗಿರುತ್ತದೆ. ತೂಕ ಸರಿ ಇದ್ದರೂ ಕೆಲಸ ಆಗುವುದಿಲ್ಲ. ನನ್ನ ಅಪ್ಪ ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ನೋಡುತ್ತಿದ್ದರು. ಕಲ್ಲಿಗೆ ಉಜ್ಜಿ ಹೊಳೆಯುವ ಹಾಗೆ ಮಾಡಿದ ಕತ್ತಿಯ ಬಾಯಿಯನ್ನು ಒಂದು ನಿಮಿಷ ದ್ರಾವಣದಲ್ಲಿ ಹಿಡಿದು ತೆಗೆಯುವುದು. ಬೆಳ್ಳಗೆ ಇದ್ದರೆ ಸರಿ. ಕೆಂಪು ಕೆಂಪಾಗಿ ಹೊಸ ತಾಮ್ರದ ಚೊಂಬಿನ ಬಣ್ಣ ಹಿಡಿದರೆ ಇನ್ನೂ ಬಿಡಿ ತಾಮ್ರ ಇದೆ ಅಂತ ಅರ್ಥ, ಆಗ ಸ್ವಲ್ಪ ಸುಣ್ಣದ ನೀರು ಹೊಯ್ದು ಕಲಕಿ ಮತ್ತೆ ಅದ್ದುವುದು. ಈಗ ಹೆಚ್ಚಿನವರು ಇಷ್ಟು ಮಾಡುವುದಿಲ್ಲ, ಪಂಪು ಸ್ಟಾರ್ಟ್ ಮಾಡುವ ಗಡಿಬಿಡಿ. ಕೆಂಪು ಹಿಡಿದ ಮದ್ದು ಎಳೆ ಗೊನೆಯನ್ನೂ ಸುಡುತ್ತದೆ, ನೆಲಕ್ಕೆ ಬಿದ್ದಾಗಲೂ ಬೇರಿಗೆ ಬೇಗ ಸಿಗುವ ತಾಮ್ರ ಅದು.

ಇನ್ನೊಂದು, ಡ್ರಮ್ಮಿನಲ್ಲಿ ಉಳಿದ ಮದ್ದು. ನಮ್ಮಲ್ಲಿ ಎಲ್ಲ ವರ್ಷವೂ ತೋಟದ ಒಂದೇ ಮೂಲೆಯಲ್ಲಿ ಕಲಡುತ್ತಿದ್ದೆವು, ಉಳಿದದ್ದನ್ನು ಅಲ್ಲೇ ಚೆಲ್ಲುತ್ತಿದ್ದೆವು. ಆ ಮೂಲೆಯಲ್ಲಿ ಈಗಲೂ ಕಳೆ ಕೂಡ ಸರಿ ಹುಟ್ಟುವುದಿಲ್ಲ. ಸೋಗೆ, ತರಗೆಲೆ ಅಲ್ಲಿ ಕೊಳೆಯದೆ ಚಾಪೆಯ ಹಾಗೆ ದಪ್ಪಕ್ಕೆ ಬಿದ್ದಿರುತ್ತದೆ. ಎತ್ತಿ ನೋಡಿದರೆ ಕೆಳಗೆ ಒಂದು ಎರೆಹುಳವೂ ಇಲ್ಲ. ಹತ್ತು ಮಾರು ಆಚೆ ಹಾರೆ ಹಾಕಿದರೆ ಹುಳ ಸಿಗುತ್ತದೆ. ಪೆರ್ಲದವರೇ, ನಿಮ್ಮ ಖಾಲಿ ಜಾಗದಲ್ಲೂ ಒಮ್ಮೆ ಮಳೆಗಾಲದಲ್ಲಿ ಹುಳ ಇದೆಯಾ ನೋಡಿ. ಮಣ್ಣಿನ ಸ್ಯಾಂಪಲ್ ತೆಗೆದ ಜಾಗ ಹಳೆ ಮದ್ದು ಕಲಡುವ ಜಾಗ ಆಗಿತ್ತಾ ಅಂತಲೂ ನೆನಪು ಮಾಡಿಕೊಳ್ಳಿ. ಹಾಗಾಗಿದ್ದರೆ ಇಡೀ ಅರ್ಧ ಎಕರೆಗೆ 42 ಅಂತ ತಿಳಿಯುವುದು ತಪ್ಪಾಗುತ್ತದೆ.

---

ಜತ್ತದ್ರಾಕ್ಷಿ

ನಾನು ಸಾಂಗ್ಲಿ ಜಿಲ್ಲೆಯ ಜತ್ತದ ಕಡೆಯವನು. ನಮ್ಮಲ್ಲಿ ಅಡಿಕೆ ಇಲ್ಲ, ದ್ರಾಕ್ಷಿ ಇದೆ, ಆದರೆ ಸಮಸ್ಯೆ ಓದಿ ಬರೆಯದೆ ಇರಲು ಆಗಲಿಲ್ಲ. ನಾವು ಮೈಲುತುತ್ತಕ್ಕೆ ಮೋರಚೂದ ಅಂತೇವೆ. ಡೌನಿ ಎಂಬ ಬೂಷ್ಟು ರೋಗಕ್ಕೆ ಬೋರ್ಡೋ ಹೊಡೆದು ಹೊಡೆದು ನಮ್ಮ ಹಳೆ ದ್ರಾಕ್ಷಿ ತೋಟದ ಮಣ್ಣಿನಲ್ಲೂ ತಾಮ್ರ ಸಾಕಷ್ಟು ಸೇರಿದೆ. ಈ ಔಷಧ ಹುಟ್ಟಿದ್ದೇ ದ್ರಾಕ್ಷಿ ತೋಟದಾಗರೀ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿ ಬದಿಯ ಹಣ್ಣು ಕದಿಯಬಾರದು ಅಂತ ಮೋರಚೂದ, ಸುಣ್ಣ ಕಲಸಿ ಬಳ್ಳಿಗೆ ಬಳಿದಿದ್ದರು. ಆ ಬಳ್ಳಿಗಳಿಗೆ ರೋಗ ಬರದೆ ಇದ್ದದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅದೇ ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ದಾಟಬಾರದು ಅಂತ ಮಿತಿ ಹಾಕಿದ್ದಾರೆ. ಸಾವಯವ ಕೃಷಿಕರಿಗೂ ಅದೇ ಮಿತಿ. ಮೇಲಿನವರ ಲೆಕ್ಕ, ಎಕರೆಗೆ ವರ್ಷಕ್ಕೆ 3 ಕಿಲೋ ಅಂದರೆ ಹೆಕ್ಟೇರಿಗೆ ಏಳೂವರೆ ಆಯಿತು. ಅಲ್ಲಿ ಸರಾಸರಿ 4.

ಆದರೆ ನಮ್ಮ ಮಣ್ಣು ಬೇರೆ. ಕರಿ ಮಣ್ಣು, ಅಗೆದರೆ ಸುಣ್ಣದ ಹರಳು ಬಿಳಿ ಬಿಳಿಯಾಗಿ ಕಾಣುತ್ತವೆ, ಪಿಎಚ್ ಎಂಟರ ಮೇಲೆ. ಅಷ್ಟು ತಾಮ್ರ ಇದ್ದರೂ ನಮ್ಮಲ್ಲಿ ಬೇರು ಸುಟ್ಟದ್ದು ನಾನು ನೋಡಿಲ್ಲ. ಸುಣ್ಣದ ಮಣ್ಣಿನಲ್ಲಿ ಅದು ಕರಗದೆ ಕೂರುತ್ತದೆ. ನಮ್ಮ ಕಾರ್ಡಿನಲ್ಲಿ ಡಿಟಿಪಿಎ ಎಂಬ ಬೇರೆ ದ್ರಾವಣದಿಂದ ಅಳೆಯುತ್ತಾರೆ, ಅಲ್ಲಿ 0.2 ಪಿಪಿಎಂ ದಾಟಿದರೆ ಸಾಕು. ಆದ್ದರಿಂದ ನನ್ನ ಕಾರ್ಡಿನ ಅಂಕೆ, ನಿಮ್ಮ ಕಾರ್ಡಿನ ಅಂಕೆ ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ.

ಒಂದು ಎಚ್ಚರ ಹೇಳಬೇಕು. ತಾಮ್ರ ಕಟ್ಟಿಹಾಕುವ ಹುರುಪಿನಲ್ಲಿ ಸುಣ್ಣ ಅತಿ ಹಾಕಬೇಡಿ. ಪಿಎಚ್ ಏಳು ದಾಟಿಸಿದರೆ ಏನಾಗುತ್ತದೆ ಅಂತ ನಮ್ಮನ್ನು ಕೇಳಿ. ಕಬ್ಬಿಣ ಸಿಗದು, ಸತು ಸಿಗದು, ಪ್ರತಿ ವರ್ಷ ಎಲೆಗೆ ಹೊಡೆಯುವುದೇ ಕೆಲಸ. ನಿಮಗೆ 6ರಿಂದ 6.5 ಸಾಕು. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ತೋಟದ ಮರಳು ಮಣ್ಣಿನಲ್ಲಿ ತಾಮ್ರ ಸೇರಿ ಮರ ಸೊರಗಿದಾಗಲೂ ಪಿಎಚ್ 6.5ರ ಹತ್ತಿರ ತನ್ನಿ ಅಂತಲೇ ಸಲಹೆ ಕೊಟ್ಟದ್ದು.

---

ಪೆರ್ಲದಬೈಲು

ಎಲ್ಲರಿಗೂ ತುಂಬಾ ಧನ್ಯವಾದ. ಪ್ಯಾಕೆಟ್ ವಾಪಸ್ ಕೊಟ್ಟೆ. ಮದ್ದು ಕಲಡುತ್ತಿದ್ದ ಜಾಗದ ಬಗ್ಗೆ ಅಪ್ಪನನ್ನು ಕೇಳಿದೆ. ನಮ್ಮಲ್ಲಿ ಕಲಡುತ್ತಿದ್ದದ್ದು ಕೆರೆಯ ಬದಿಯಲ್ಲಿ, ಸ್ಯಾಂಪಲ್ ತೆಗೆದದ್ದು ಅಲ್ಲಿಂದ ದೂರ, ಐದಾರು ಕಡೆಯ ಮಣ್ಣು ಸೇರಿಸಿ. ಹಾಗಾಗಿ 42 ಸರಿಯೇ ಇರಬೇಕು.

ಒಂದು ಸಂಶಯ. ಅಡಿಕೆಗೆ ಮೂರಡಿ ಗುಂಡಿ ತೆಗೆಯುತ್ತೇವೆ, ಮೇಲ್ಮಣ್ಣು ಫಲವತ್ತು ಅಂತ ಅದನ್ನೇ ಗುಂಡಿಗೆ ತುಂಬುವುದು ವಾಡಿಕೆ. ಈಗ ಆ ಮೇಲ್ಮಣ್ಣಿನಲ್ಲೇ ತಾಮ್ರ ಇರುವುದಾದರೆ?

---

ಮಣ್ಣಿನಜೊತೆ

ಒಳ್ಳೆ ಪ್ರಶ್ನೆ. ಎರಡು ಆಳದಲ್ಲಿ ಬೇರೆ ಬೇರೆ ಸ್ಯಾಂಪಲ್ ಕೊಡಿ, ಮೇಲಿನ ಅರ್ಧ ಅಡಿ ಒಂದು, ಅದರ ಕೆಳಗಿನ ಒಂದು ಅಡಿ ಇನ್ನೊಂದು. ಕೆಳಗಿನದರಲ್ಲಿ ತಾಮ್ರ ತುಂಬಾ ಕಮ್ಮಿ ಬಂದರೆ ಸಸಿಯ ಬುಡಕ್ಕೆ ಆ ಮಣ್ಣನ್ನೇ ಗೊಬ್ಬರ ಬೆರೆಸಿ ತುಂಬಿ, ಮೇಲ್ಮಣ್ಣನ್ನು ಸುಣ್ಣ ಬೆರೆಸಿ ಹೊರಗೆ ಹರಡಿ. ಆದರೆ ಕೆಳಮಣ್ಣಿನ ಪಿಎಚ್ ಸಹ ನೋಡಿ, ಅದು ಇನ್ನೂ ಹುಳಿ ಇದ್ದರೆ ಅದಕ್ಕೂ ಸುಣ್ಣ ಬೇಕು. ಎಳೆ ಬೇರಿಗೆ ಮೊದಲ ಎರಡು ವರ್ಷ ದಾಟಿಸಿದರೆ ಆಮೇಲೆ ಅದು ಆಳಕ್ಕೂ ಅಗಲಕ್ಕೂ ಹೋಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ.

ಸುಣ್ಣ ಎಷ್ಟು ಅನ್ನುವುದನ್ನು ಅಂದಾಜಿನಲ್ಲಿ ಹಾಕಬೇಡಿ, ಎರಡನೇ ಸಲ ಸ್ಯಾಂಪಲ್ ಕೊಡುವಾಗ ಸುಣ್ಣದ ಬೇಡಿಕೆ ಲೆಕ್ಕ ಮಾಡಿ ಕೊಡಿ ಅಂತ ಕೇಳಿ. ಹಟ್ಟಿಗೊಬ್ಬರ ಎಷ್ಟು ಇದ್ದರೂ ಹಾಕಿ. ಅದು ಪ್ರತಿ ವರ್ಷ ಹಾಕುತ್ತಲೇ ಇರಬೇಕು, ಯಾಕೆಂದರೆ ಗೊಬ್ಬರ ಕರಗುತ್ತಾ ಹೋದ ಹಾಗೆ ಅದು ಹಿಡಿದ ತಾಮ್ರ ಮತ್ತೆ ಬಿಡುತ್ತದೆ.

---

ಮುಳ್ಳೇರಿಯದವ

ಹೊಸ ಸಸಿ ಎತ್ತರ ಆಗುವವರೆಗೆ ಆ ಅರ್ಧ ಎಕರೆಗೆ ಹೇಗೂ ಐದಾರು ವರ್ಷ ಮದ್ದು ಬೀಳುವುದಿಲ್ಲ. ಆ ಸಮಯ ಉಪಯೋಗಿಸಿಕೊಳ್ಳಿ. ಬಾಳೆ ಹಾಕಿ, ಸೊಪ್ಪು ಹಾಕಿ.

---

ಪೆರ್ಲದಬೈಲು

ಮೂರು ಚಟ್ಟಿಯ ಫಲಿತಾಂಶ ಹೇಳಲು ಬಂದೆ. ಗುಡ್ಡೆ ಮಣ್ಣಿನ ಪಿಎಚ್ 5.0 ಇತ್ತು, ಹೋಲಿಸಲು ಸರಿಯಾಯಿತು.

ಇವತ್ತು ಬೆಳಿಗ್ಗೆ ಗಿಡ ಕಿತ್ತು ಬಕೆಟಿನಲ್ಲಿ ಮಣ್ಣು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಒಂದನೇ ಚಟ್ಟಿ, ಹಳೆ ತೋಟದ ಮಣ್ಣು ಹಾಗೇ: ಉದ್ದದ ಬೇರು ನಾಲ್ಕು ಬೆರಳು ಅಗಲವೂ ಇಲ್ಲ, ಬದಿಯ ಬೇರುಗಳು ಮೊಳಕೆಯಲ್ಲೇ ನಿಂತಿವೆ, ಕಂದು ಬಣ್ಣ, ಗಂಟು ಇಲ್ಲ. ಮೂರನೇ ಚಟ್ಟಿ, ಗುಡ್ಡೆ ಮಣ್ಣು: ಬೇರು ಸ್ವಲ್ಪ ದಪ್ಪ, ತುದಿ ಮೊಂಡು, ಆದರೆ ಒಂದು ಗೇಣು ಇಳಿದಿದೆ, ಬಣ್ಣ ಬಿಳಿಯೇ. ಎರಡನೆಯದು, ಸುಣ್ಣ ಗೊಬ್ಬರ ಹಾಕಿದ ಹಳೆ ತೋಟದ ಮಣ್ಣು: ಬೇರು ಚಟ್ಟಿಯ ಅಡಿ ಮುಟ್ಟಿ ಸುತ್ತಿಕೊಂಡಿತ್ತು, ಕೂದಲಿನ ಹಾಗೆ ಸಣ್ಣ ಬೇರು, ಅಲ್ಲಲ್ಲಿ ಗಂಟು. ಒಂದು ಗಂಟು ಉಗುರಿನಲ್ಲಿ ಒಡೆದೆ, ಒಳಗೆ ತೆಳು ಕೆಂಪು ಇತ್ತು.

ಅಂದರೆ ಹುಳಿಯೂ ಇದೆ, ಅದರ ಮೇಲೆ ತಾಮ್ರವೂ ಇದೆ ಅಂತ ನಾನು ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿ. ಎರಡು ಆಳದ ಸ್ಯಾಂಪಲ್ ನಿನ್ನೆ ಕೊಟ್ಟು ಬಂದೆ. ಅಪ್ಪ ಬೇರುಗಳನ್ನು ನೋಡಿ ಏನೂ ಮಾತಾಡಲಿಲ್ಲ, ಸಂಜೆ ಅಟ್ಟದಿಂದ ಅಜ್ಜನ ಹಳೆ ಕತ್ತಿ ಇಳಿಸಿ ಕಲ್ಲಿಗೆ ಉಜ್ಜುತ್ತಾ ಕುಳಿತಿದ್ದರು. ಉಳಿದ ತೋಟಕ್ಕೆ ಈ ಸಲ ಮದ್ದು ಕಲಡುವಾಗ ಪ್ರತಿ ಡ್ರಮ್ಮಿಗೂ ಅದ್ದಿ ನೋಡುತ್ತಾರಂತೆ.

---

ಮಣ್ಣಿನಜೊತೆ

ಸರಿಯಾಗಿ ತಿಳಿದುಕೊಂಡಿದ್ದೀರಿ. ಗಂಟಿನ ಒಳಗೆ ಕೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ ಅಂತ. ಕೆಳಮಣ್ಣಿನ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಗುಂಡಿಗೆ ಯಾವ ಮಣ್ಣು ಅಂತ ಆಗ ನೋಡೋಣ.